ಮೊದಲು ಕಿವಿಗೆ, ಆಮೇಲೆ ಪೆಟ್ಟಿಗೆಗೆ

1958ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ನಡೆದ ಆಡಿಯೊ ಪ್ರದರ್ಶನಕ್ಕೆ ಜಾನ್ ಕಾಸ್ ಒಂದು ಹೊಸ ರೆಕಾರ್ಡ್ ಪ್ಲೇಯರ್ ತಂದಿದ್ದರು. ಅವರು ಮಾರಲು ಹೊರಟಿದ್ದು ಆ ಪೆಟ್ಟಿಗೆಯನ್ನು. ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ ಒಬ್ಬರೇ ಕೇಳಲಿ ಎಂದು ಅದಕ್ಕೊಂದು ಹೆಡ್‌ಫೋನನ್ನೂ ಜೋಡಿಸಿದ್ದರು. ಬಂದವರು ಬೆರಗಾದದ್ದು ಹೆಡ್‌ಫೋನನ್ನು ಕಿವಿಗೇರಿಸಿಕೊಂಡಾಗ. ಪೆಟ್ಟಿಗೆ ಹಿಂದೆ ಸರಿಯಿತು, ಹೆಡ್‌ಫೋನ್ ಉದ್ಯಮವಾಗಿ ಬೆಳೆಯಿತು.

ಆ ಜನರ ಆಯ್ಕೆ ಇಂದಿಗೂ ಸರಿ. ಹತ್ತು ಸಾವಿರ ರೂಪಾಯಿ ಕೂಡಿಟ್ಟುಕೊಂಡು, ಹೊಸ ಹೆಡ್‌ಫೋನ್ ಕೊಳ್ಳುವುದೋ ಅಥವಾ ಇರುವುದಕ್ಕೇ ಡ್ಯಾಕ್, ಆಂಪ್ಲಿಫೈಯರ್ ಜೋಡಿಸುವುದೋ ಎಂದು ತೂಗುವವರು ಬಹಳ. ನೂರಕ್ಕೆ ತೊಂಬತ್ತು ಪಾಲು ಉತ್ತರ ಹೆಡ್‌ಫೋನೇ.

ಕಾರಣ ಸರಳ. ಫೋನಿನಲ್ಲಿ ಹಾಡು ಇರುವುದು ಅಂಕಿಗಳಾಗಿ. ಅದನ್ನು ವಿದ್ಯುತ್ ಅಲೆಯಾಗಿಸುವ ಚಿಪ್ ಡ್ಯಾಕ್. ಆ ಅಲೆಗೆ ಬಲ ತುಂಬುವುದು ಆಂಪ್ಲಿಫೈಯರ್. ಕೊನೆಯಲ್ಲಿ ಗಾಳಿಯನ್ನು ಅಲುಗಿಸಿ ನಾದ ಹುಟ್ಟಿಸುವುದು ಹೆಡ್‌ಫೋನಿನೊಳಗಿನ ತೆಳುವಾದ ಪೊರೆ. ಮೊದಲೆರಡು ಕೆಲಸಗಳನ್ನು ಎಲೆಕ್ಟ್ರಾನಿಕ್ಸ್ ಯಾವಾಗಲೋ ಗೆದ್ದಾಗಿದೆ. ಆ್ಯಪಲ್ 2016ರಲ್ಲಿ ಐಫೋನ್ 7ರಿಂದ ಹೆಡ್‌ಫೋನ್ ತೂತನ್ನು ತೆಗೆದಾಗ ಕೊಟ್ಟ ಬೆರಳುದ್ದದ ಡಾಂಗಲ್‌ನೊಳಗೆ ಡ್ಯಾಕ್, ಆಂಪ್ ಎರಡೂ ಇದ್ದವು. ಇಂಥ ಸಾಧಾರಣ ಡಾಂಗಲ್‌ಗಳ ದೋಷವೂ ಕಿವಿಗೆ ತಿಳಿಯದಷ್ಟು ಸಣ್ಣದು. ಪೊರೆಯ ಕೆಲಸ ಹಾಗಲ್ಲ. ಒಂದು ಹೆಡ್‌ಫೋನಿಗೂ ಇನ್ನೊಂದಕ್ಕೂ ಕೆಲವು ಸ್ವರಸ್ಥಾನಗಳಲ್ಲಿ ಐದು, ಹತ್ತು ಡೆಸಿಬೆಲ್ ಅಂತರ ಬರುವುದು ಮಾಮೂಲು. ಅಷ್ಟು ಅಂತರವನ್ನು ಎಂಥ ಕಿವಿಯೂ ಗುರುತಿಸುತ್ತದೆ.

ಗುರುತಿಸಲು ತಂಬೂರಿಗಿಂತ ಒಳ್ಳೆಯ ಪರೀಕ್ಷೆ ಬೇಡ. ಭೀಮಸೇನ ಜೋಶಿಯವರ ಯಾವುದಾದರೂ ಸ್ಪಷ್ಟ ಧ್ವನಿಮುದ್ರಣವನ್ನು ಎರಡು ಹೆಡ್‌ಫೋನ್‌ಗಳಲ್ಲಿ ಕೇಳಬಹುದು. ಕಳಪೆಯದರಲ್ಲಿ ತಂಬೂರಿ ಹಿಂದೆಲ್ಲೋ ಫ್ಯಾನ್ ತಿರುಗಿದ ಹಾಗೆ ಗುಂಯ್‌ಗುಡುತ್ತದೆ. ಒಳ್ಳೆಯದರಲ್ಲಿ ಜೀವಾಳಿಯ ದಾರ ಹುಟ್ಟಿಸುವ ಝೇಂಕಾರ ಅರಳುತ್ತದೆ, ಒಂದೊಂದು ತಂತಿಯ ಮೀಟೂ ಬೇರೆ ಬೇರೆಯಾಗಿ ಕೇಳುತ್ತದೆ. ಕರ್ನಾಟಕ ಸಂಗೀತದ ಕಚೇರಿಯಾದರೆ ಮೃದಂಗದ ತೊಪ್ಪಿಯ ಕಡೆಗೆ ಕಿವಿಗೊಡಬೇಕು. ಬಾಸ್ ಅತಿಯಾಗಿಸಿದ ಹೆಡ್‌ಫೋನಿನಲ್ಲಿ ಅದು ಗಾಯಕರ ದನಿಯ ಮೇಲೆ ಕವುಚಿಕೊಳ್ಳುತ್ತದೆ. ಈ ವ್ಯತ್ಯಾಸವನ್ನು ಯಾವ ಡ್ಯಾಕ್ ಕೂಡ ತರಲಾರದು.

ದುಡ್ಡು ಹೆಚ್ಚಾದರೆ ನಾದವೂ ಹೆಚ್ಚು ಎನ್ನುವಂತಿಲ್ಲ. ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆಗಳನ್ನು ಹೋಲಿಸಿ 2017ರಲ್ಲಿ ಪ್ರಬಂಧ ಪ್ರಕಟಿಸಿದರು. ತಗ್ಗಿನಿಂದ ತಾರದವರೆಗೆ ಸ್ವರಗಳನ್ನು ನುಡಿಸುವ ಸಮತೋಲಕ್ಕೂ ಮಾರಾಟದ ಬೆಲೆಗೂ ಅವುಗಳಲ್ಲಿ ಸಂಬಂಧವೇ ಕಾಣಲಿಲ್ಲ. ಎರಡು ಸಾವಿರ ರೂಪಾಯಿಯೊಳಗಿನ ಚೀನಾದ ತಂತಿ ಇಯರ್‌ಫೋನ್‌ಗಳು ಇಂದು ಕೇಳುಗರಿಂದ ಶಹಬ್ಬಾಸ್ ಪಡೆಯುತ್ತಿರುವುದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಆಂಪ್ಲಿಫೈಯರ್ ಯಾರಿಗೆ ಬೇಕು? ಸೆನ್‌ಹೈಸರ್‌ನ ಎಚ್‌ಡಿ 600 ಇದಕ್ಕೆ ಒಳ್ಳೆಯ ಉದಾಹರಣೆ. 1997ರಲ್ಲಿ ಬಂದ ಇದರ ಪ್ರತಿರೋಧ 300 ಓಮ್. ಒಂದು ವೋಲ್ಟ್ ಕೊಡುವ ಸಾಧನದಿಂದ 32 ಓಮ್‌ನ ಹೆಡ್‌ಫೋನಿಗೆ ಸುಮಾರು 31 ಮಿಲಿವ್ಯಾಟ್ ಸಿಕ್ಕರೆ, 300 ಓಮ್‌ನದಕ್ಕೆ ಮೂರು ಚಿಲ್ಲರೆ ಮಾತ್ರ. ವಾಲ್ಯೂಮ್ ಪೂರ್ತಿ ಏರಿಸಿದರೂ ಹಾಡು ಸಣ್ಣಗೇ ಕೇಳುತ್ತಿದ್ದರೆ ಆಂಪ್‌ಗೆ ಹಾಕಿದ ಹಣ ಸಾರ್ಥಕ. ಫೋನಿನಿಂದ ಸಾಕಷ್ಟು ಜೋರು ಬರುತ್ತಿದೆ, ಹಿನ್ನೆಲೆಯಲ್ಲಿ ಕರಕರ ಸದ್ದಿಲ್ಲ ಎಂದಾದರೆ ಆ ಹಣ ಜೇಬಿನಲ್ಲೇ ಇರಲಿ.

ಇದಕ್ಕೂ ಮೊದಲು ನೋಡಬೇಕಾದದ್ದು ಇರುವ ಹೆಡ್‌ಫೋನಿನ ಮೆತ್ತೆ. ಕರಾವಳಿಯ ಸೆಕೆ, ತೇವದಲ್ಲಿ ಕೃತಕ ಚರ್ಮದ ಇಯರ್‌ಪ್ಯಾಡ್ ಪುಡಿಪುಡಿಯಾಗಿ ಉದುರುತ್ತದೆ. ಕಿವಿಯ ಸುತ್ತ ಸಂದು ಬಿಟ್ಟರೆ ಬಾಸ್ ಸೋರಿಹೋಗುತ್ತದೆ. ಹೆಡ್‌ಫೋನ್ ಹಾಳಾಯಿತೆಂದು ಮೂಲೆಗೆಸೆದವರಲ್ಲಿ ಎಷ್ಟೋ ಮಂದಿಗೆ ಬೇಕಾಗಿದ್ದುದು ಹೊಸ ಪ್ಯಾಡ್ ಮಾತ್ರ. ಕಿವಿಯೊಳಗೆ ಕೂರುವ ಇಯರ್‌ಫೋನಿನ ಜೊತೆ ಸಣ್ಣ, ನಡು, ದೊಡ್ಡ ಅಳತೆಯ ರಬ್ಬರ್ ಟಿಪ್‌ಗಳನ್ನು ಕೊಟ್ಟಿರುತ್ತಾರೆ. ಮೂರನ್ನೂ ಹಾಕಿ ನೋಡದೆ ಅದರ ಬಗ್ಗೆ ತೀರ್ಪು ಕೊಡುವುದು ಅನ್ಯಾಯ. ಫೋನಿನಲ್ಲೇ ಇರುವ ಈಕ್ವಲೈಜರ್‌ಗೂ ಕಾಸು ಖರ್ಚಿಲ್ಲ.

ಬ್ಲೂಟೂತ್ ಇಯರ್‌ಬಡ್ ಓಡಾಟಕ್ಕೆ ಅನುಕೂಲ, ನಿಜ. ಆದರೆ ಅದರ ಪುಟ್ಟ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೊರಗುತ್ತದೆ, ಬದಲಿಸುವುದೂ ಕಷ್ಟ. ತಂತಿಯ ಸೋನಿ ಎಂಡಿಆರ್-7506 ಬಂದದ್ದು 1991ರಲ್ಲಿ. ಸ್ಟುಡಿಯೊಗಳಲ್ಲಿ ಅದು ಈಗಲೂ ದುಡಿಯುತ್ತಿದೆ, ಅದರ ಪ್ಯಾಡ್‌ಗಳೂ ಸಿಗುತ್ತವೆ. ಬಹುಕಾಲ ಬಾಳಬೇಕೆನ್ನುವವರು ತಂತಿಯದನ್ನೇ, ಅದರಲ್ಲೂ ಬಿಚ್ಚಿ ಬದಲಿಸಬಹುದಾದ ಕೇಬಲ್ ಇರುವುದನ್ನೇ ಆರಿಸುವುದು ಒಳಿತು. ಮೊದಲು ತುಂಡಾಗುವುದು ಸಾಮಾನ್ಯವಾಗಿ ಕೇಬಲ್ಲೇ.

ಹತ್ತು ಸಾವಿರದ ಲೆಕ್ಕ ಹೀಗಿದ್ದರೆ ಚೆನ್ನ: ಎಂಟು ಸಾವಿರ ಹೆಡ್‌ಫೋನಿಗೆ, ಫೋನಿನಲ್ಲಿ ತೂತಿಲ್ಲದಿದ್ದರೆ ಸಾವಿರದಷ್ಟು ಡಾಂಗಲ್‌ಗೆ, ಉಳಿದದ್ದು ಮುಂದಿನ ಪ್ಯಾಡ್‌ಗೆ. ಕೊಳ್ಳುವ ಮುನ್ನ ಅಂಗಡಿಯಲ್ಲಿ ತಮ್ಮದೇ ಫೋನ್, ತಮಗೆ ಬಾಯಿಪಾಠವಾದ ಹಾಡು ಹಾಕಿ ಕೇಳಬೇಕು. ತುಸು ಜೋರಾದದ್ದೇ ಕಿವಿಗೆ ಚೆಂದವೆನಿಸುತ್ತದೆ. ಆದ್ದರಿಂದ ಎರಡರ ವಾಲ್ಯೂಮ್ ಸಮ ಮಾಡಿಕೊಂಡ ಮೇಲೆಯೇ ಹೋಲಿಸಿ.