ರಕ್ತದೊತ್ತಡದ ಔಷಧ ಚೀಟಿ: ಪುರುಷರು ಮುಚ್ಚಿಡುವ ಬಾಕಿ

ದಾಸ್ತಾನಿನ ಲೆಕ್ಕವನ್ನು ಪೈಸೆಗೆ ಪೈಸೆ ಬರೆದಿಡುವ ನಮ್ಮ ಸದಸ್ಯ ಬಾಂಧವರಲ್ಲಿ ಹಲವರಿಗೆ ತಮ್ಮ ರಕ್ತದೊತ್ತಡದ ಅಂಕಿಯೇ ತಿಳಿದಿರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ವಯಸ್ಕ ಪುರುಷರಲ್ಲಿ ಶೇ. 24ರಷ್ಟು ಮಂದಿಗೆ, ಮಹಿಳೆಯರಲ್ಲಿ ಶೇ. 21ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವಿದೆ.

ವೈದ್ಯರ ಚೀಟಿಗಳಲ್ಲಿ ಇಂದು ಹೆಚ್ಚಾಗಿ ಕಾಣುವ ಹೆಸರುಗಳು ಆಮ್ಲೋಡಿಪಿನ್ ಮತ್ತು ಟೆಲ್ಮಿಸಾರ್ಟನ್. ಅಗತ್ಯವಿದ್ದಲ್ಲಿ ಮೂರನೆಯದಾಗಿ ಕ್ಲೋರ್ಥ್ಯಾಲಿಡೋನ್. ಟೆಲ್ಮಿಸಾರ್ಟನ್ ಗರ್ಭಿಣಿಯರಿಗೆ ವರ್ಜ್ಯವಾದ್ದರಿಂದ ಕಿರಿಯ ವಯಸ್ಸಿನ ಸ್ತ್ರೀಯರಿಗೆ ಅದನ್ನು ಬರೆಯಲು ವೈದ್ಯರು ಹಿಂಜರಿಯುತ್ತಾರೆ. ಪುರುಷರ ವಿಷಯದಲ್ಲಿ ಆ ಅಡ್ಡಿಯಿಲ್ಲ. ಒಂದು ಕಾಲದಲ್ಲಿ ಮನೆಮಾತಾಗಿದ್ದ ಅಟೆನೊಲಾಲ್ ವರ್ಗದ ಮಾತ್ರೆಗಳನ್ನು 2006ರಲ್ಲಿ ಬ್ರಿಟನ್ನಿನ ಮಾರ್ಗಸೂಚಿ ಮೊದಲ ಆಯ್ಕೆಯ ಸ್ಥಾನದಿಂದ ಕೆಳಗಿಳಿಸಿತು. ಹೃದ್ರೋಗವುಳ್ಳವರಿಗೆ ಅವು ಈಗಲೂ ಬೇಕಾಗುವುದುಂಟು.

ಚೀಟಿಯಲ್ಲಿ ಬರೆದದ್ದೆಲ್ಲ ಹೊಟ್ಟೆಗೆ ಸೇರುವುದಿಲ್ಲವೆಂಬುದೇ ತೊಡಕು. ಆಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದಿಕೊಳ್ಳುತ್ತದೆ. ಕ್ಲೋರ್ಥ್ಯಾಲಿಡೋನ್ ಸೇವಿಸಿದವರು ಮೂತ್ರಕ್ಕೆ ಪದೇ ಪದೇ ಏಳಬೇಕಾಗುತ್ತದೆ, ಲಾರಿಯಲ್ಲಿ ಸರಕಿನೊಂದಿಗೆ ಹೋಗುವವರಿಗೆ ಇದು ದೊಡ್ಡ ಪೇಚು. ಕೆಲವು ಮಾತ್ರೆಗಳಿಂದ ದಾಂಪತ್ಯಸುಖಕ್ಕೆ ಕುಂದು ಬರಬಹುದು. ಇದನ್ನು ಬಾಯಿಬಿಟ್ಟು ಹೇಳುವ ಗಂಡಸರು ವಿರಳ. ಹೇಳದೆ ಮಾತ್ರೆ ನಿಲ್ಲಿಸುತ್ತಾರೆ. ಮುಂದಿನ ಭೇಟಿಯಲ್ಲಿ ಒತ್ತಡ ಇಳಿದಿಲ್ಲವೆಂದು ಕಂಡ ವೈದ್ಯರು ಎರಡನೆಯ ಮಾತ್ರೆಯನ್ನು ಬರೆಯುತ್ತಾರೆ. ದಾಖಲಾಗದ ವಾಪಸಾತಿಯಿಂದ ಲೆಕ್ಕಪುಸ್ತಕ ಕೆಡುವ ರೀತಿಯೇ ಇದು. ಮಾತ್ರೆ ಬದಲಿಸುವ ದಾರಿಗಳಿವೆ, ಆದರೆ ವೈದ್ಯರಿಗೆ ತಿಳಿದರೆ ಮಾತ್ರ. ತಿಳಿಸದಿದ್ದವರಿಗೆ ಪಾರ್ಶ್ವವಾಯು ಬಡಿದರೆ ಅಂಗಡಿಯ ಬಾಗಿಲೂ ಮುಚ್ಚೀತು.

ಕೋಲಾರ-ಮುಳಬಾಗಿಲು ಹೆದ್ದಾರಿಯ ದೇವರಾಯಸಮುದ್ರದಂಥ ಊರುಗಳಿಗೆ ಈಗ ಒಂದು ಅನುಕೂಲವಿದೆ. ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರ್‌ನಲ್ಲಿ ಮೊದಲು ಆರಂಭವಾದದ್ದು ನಮ್ಮ ಕೋಲಾರ ಜಿಲ್ಲೆಯಲ್ಲಿಯೇ. 30 ವರ್ಷ ಮೀರಿದವರನ್ನು ಮನೆಬಾಗಿಲಲ್ಲಿ ತಪಾಸಿಸಿ ಮಾತ್ರೆಯನ್ನೂ ಒದಗಿಸುವುದು ಅದರ ಉದ್ದೇಶ. ಆದರೆ ಸಿಬ್ಬಂದಿ ಬರುವ ಹಗಲುಹೊತ್ತಿನಲ್ಲಿ ಗಂಡಸರು ಶ್ರೀನಿವಾಸಪುರದ ಮಾವಿನ ಮಂಡಿಯಲ್ಲೋ ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲೋ ಇರುತ್ತಾರೆ. ಮಂಡಿ, ಕಾರ್ಖಾನೆಗಳಲ್ಲೇ ತಪಾಸಣೆ ಏರ್ಪಡಿಸುವಂತೆ ಮಾಲೀಕರು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಕೋರುವುದು ಲೇಸೆಂದು ನನ್ನ ಅಭಿಪ್ರಾಯ.

ಔಷಧಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಬಹುಪಾಲು ಶೇ. 12ರಿಂದ 5ಕ್ಕೆ ಇಳಿದಿದೆ. ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮುಂಜಾಗ್ರತಾ ತಪಾಸಣೆಯ ವೆಚ್ಚದಲ್ಲಿ ರೂ. 5,000ದವರೆಗೆ, ಒಟ್ಟು ಮಿತಿಗೆ ಒಳಪಟ್ಟು, ಕಡಿತ ದೊರೆಯುತ್ತದೆ. ನಗದಾಗಿ ಪಾವತಿಸಿದ್ದರೂ ಅಡ್ಡಿಯಿಲ್ಲ, ರಸೀದಿ ಮಾತ್ರ ಕಾಯ್ದಿಡತಕ್ಕದ್ದು.