ಗಡಿ ದಾಟಿದರೆ ಬದಲಾಗುವ ಪಂಗಡ

ಆಂಧ್ರದ ಹಿಂದೂಪುರದ ಆಚೆ ಕರ್ನಾಟಕದ ಗೌರಿಬಿದನೂರು, ಕಲ್ಯಾಣದುರ್ಗದ ಆಚೆ ಪಾವಗಡ. ಹೆಣ್ಣು ಕೊಟ್ಟು ತರುವುದಕ್ಕಾಗಲಿ, ಸಂತೆ ಜಾತ್ರೆಗಾಗಲಿ, ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಗುಳೆ ಹೋಗುವುದಕ್ಕಾಗಲಿ ಇಲ್ಲಿ ರಾಜ್ಯದ ಗಡಿ ಅಡ್ಡ ಬಂದಿಲ್ಲ. ಅದು ಅಡ್ಡ ಬರುವುದು ಮಕ್ಕಳು ಕಾಲೇಜಿಗೆ ಅರ್ಜಿ ಹಾಕುವಾಗ.

ತಾಂಡಾದ ಹುಡುಗಿ ಹಿಂದೂಪುರದವಳಾದರೆ ಸುಗಾಲಿ, ಪರಿಶಿಷ್ಟ ಪಂಗಡ. ಅವಳ ಸೋದರತ್ತೆಯ ಮಗಳು ಗೌರಿಬಿದನೂರಿನ ಕಡೆಯವಳಾದರೆ ಲಂಬಾಣಿ, ಪರಿಶಿಷ್ಟ ಜಾತಿ. ಕಲ್ಯಾಣದುರ್ಗದ ಬೋಯರ ಹುಡುಗ ಹಿಂದುಳಿದ ವರ್ಗದವನು. ಅದೇ ಸಮುದಾಯದ, ಪಾವಗಡದ ನಾಯಕರ ಹುಡುಗನಿಗೆ ಪರಿಶಿಷ್ಟ ಪಂಗಡದ ಪತ್ರ ಸಿಗುತ್ತದೆ. ಕರ್ನಾಟಕದ ಪಂಗಡಗಳ ಪಟ್ಟಿಯಲ್ಲಿ ನಾಯಕರ ಜೊತೆಗೆ ಬೇಡ, ವಾಲ್ಮೀಕಿ ಹೆಸರುಗಳು ಸೇರಿದ್ದು 1991ರಲ್ಲಿ. ತನ್ನ ರಾಜ್ಯದ ಪಟ್ಟಿಗೆ ಬೋಯರನ್ನೂ ಸೇರಿಸಿ ಎಂದು ಆಂಧ್ರ ವಿಧಾನಸಭೆ 2023ರ ಮಾರ್ಚ್‌ನಲ್ಲಿ ನಿರ್ಣಯ ಮಾಡಿತು. ಆದರೆ ಪಟ್ಟಿ ತಿದ್ದುವ ಅಧಿಕಾರ ಇರುವುದು ಸಂಸತ್ತಿಗೆ.

ಸಂವಿಧಾನದ 342ನೇ ವಿಧಿಯ ಪ್ರಕಾರ ಈ ಪಟ್ಟಿ ರಾಜ್ಯಕ್ಕೊಂದು. ತೆನಾಲಿಯಲ್ಲಿ ಹುಟ್ಟಿ, ತಂದೆಯ ನೌಕರಿಯಿಂದಾಗಿ ಮುಂಬೈಯಲ್ಲಿ ಬೆಳೆದ ವಿದ್ಯಾರ್ಥಿಯೊಬ್ಬ ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಪಂಗಡದ ಸೀಟು ಕೇಳಿ ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದ. 1990ರಲ್ಲಿ ಸಂವಿಧಾನ ಪೀಠ ಒಪ್ಪಲಿಲ್ಲ: ಆಂಧ್ರದ ಪಂಗಡ ಮಹಾರಾಷ್ಟ್ರದಲ್ಲಿ ನಡೆಯದು. ಅದೇ ನಿಯಮ ನಮ್ಮ ಗಡಿಗೂ. ಕರ್ನಾಟಕದ ಸಿಇಟಿ ಅರ್ಜಿ ಜಾತಿ ಪತ್ರದ ಆರ್‌ಡಿ ಸಂಖ್ಯೆ ಕೇಳುತ್ತದೆ. ಹಿಂದೂಪುರದ ಪತ್ರದಲ್ಲಿ ಅಂಥ ಸಂಖ್ಯೆಯೇ ಇರುವುದಿಲ್ಲ.

ಕೇಂದ್ರೀಯ ವಿಶ್ವವಿದ್ಯಾಲಯದ ಮಾತು ಬೇರೆ. ಅಲ್ಲಿ ಅವರವರ ರಾಜ್ಯದ ಪತ್ರ ನಡೆಯುತ್ತದೆ. ಆಂಧ್ರಕ್ಕೆ 2019ರ ಒಂದೇ ತಿದ್ದುಪಡಿ ಕಾಯ್ದೆ ಎರಡು ವಿಶ್ವವಿದ್ಯಾಲಯ ಕೊಟ್ಟಿತು: ಅನಂತಪುರಕ್ಕೆ ಕೇಂದ್ರೀಯ, ವಿಜಯನಗರಂಗೆ ಬುಡಕಟ್ಟು. ಎರಡನೆಯದು ರಾಜ್ಯದ ಇನ್ನೊಂದು ತುದಿಯಲ್ಲಿದೆ; ಕಲ್ಯಾಣದುರ್ಗದ ತಾಂಡಾದ ಮಗುವಿಗೆ ಅದಕ್ಕಿಂತ ಬೆಂಗಳೂರೇ ಹತ್ತಿರ. ಹಾಗಾಗಿ ಭಾರವೆಲ್ಲ ಅನಂತಪುರದ ಮೇಲೆ. ಅಲ್ಲಿನ ಒಂದೇ ಬೆಂಚಿನಲ್ಲಿ ಪಂಗಡದ ಸುಗಾಲಿ, ಜಾತಿಯ ಲಂಬಾಣಿ, ಪಂಗಡದ ನಾಯಕ, ಒಬಿಸಿಯ ಬೋಯ ಜೊತೆಗೇ ಕೂರಬಹುದು. ಅವರಲ್ಲಿ ಇಬ್ಬರು ಒಂದೇ ಮನೆತನದವರಾದರೂ ಅಚ್ಚರಿಯಿಲ್ಲ.

ಇಂಥ ಮಕ್ಕಳಿಗಾಗಿ ಎಸ್‌ಸಿ, ಎಸ್‌ಟಿ ಘಟಕ ಎಂಬುದು ವಿಶ್ವವಿದ್ಯಾಲಯಗಳಲ್ಲಿ ಇದೆ. ಬಹುಪಾಲು ಕಡೆ ಅದು ಬಂದ ದೂರಿಗೆ ಉತ್ತರ ಬರೆಯುವ ಮೇಜು, ಅಷ್ಟೇ. ದೂರು ಕೊಡುವಷ್ಟು ದೂರ ಬಂದ ಮಗು ಅರ್ಧ ಗೆದ್ದಂತೆ. ಸೋಲುವವರು ಅರ್ಜಿಯ ಹಂತದಲ್ಲೇ ಸೋಲುತ್ತಾರೆ. ಕೇಂದ್ರದ ನಮೂನೆಯ ಪತ್ರವೇ ಬೇರೆ, ರಾಜ್ಯದ್ದೇ ಬೇರೆ. ಬೋಯರ ಹುಡುಗನಾದರೆ ಕೆನೆಪದರಕ್ಕೆ ಸೇರಿಲ್ಲವೆಂಬ ಪತ್ರ ಬೇಕು, ಅದೂ ಹೊಸದಾಗಿ. ಅಪ್ಪ ಅಮ್ಮ ಬೆಂಗಳೂರಿನ ಕಟ್ಟಡ ಕೆಲಸದಲ್ಲಿದ್ದಾಗ ಈ ಕಾಗದ ಹಿಡಿದು ಕಚೇರಿ ಅಲೆಯುವವರು ಯಾರು?

ಇಲ್ಲಿ ವಿಶ್ವವಿದ್ಯಾಲಯವೇ ಮುಂದೆ ಬರಬೇಕು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯ 2001ರಲ್ಲಿ ಅಲ್ಲಿನ ಮಾವೊರಿಗಳ ನೈ ತಾಹು ಬುಡಕಟ್ಟಿನೊಡನೆ ಲಿಖಿತ ಒಡಂಬಡಿಕೆಯನ್ನೇ ಮಾಡಿಕೊಂಡಿತು. ನಮಗೆ ಅಷ್ಟು ದೊಡ್ಡದು ಬೇಡ. ತೆಲುಗು, ಕನ್ನಡ, ಲಂಬಾಣಿ ಮೂರೂ ಬಲ್ಲ, ಎರಡೂ ರಾಜ್ಯಗಳ ನಿಯಮ ಗೊತ್ತಿರುವ ಒಬ್ಬರು ಸಾಕು. ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಸಿಯುಇಟಿಯ ಅರ್ಜಿ ಶುರುವಾಗುವ ಮೊದಲೇ ಅವರು ತಾಂಡಾದ ಮುಖಂಡನ ಮನೆ ಜಗಲಿಯಲ್ಲಿ ಕೂತು ಪತ್ರಗಳನ್ನು ನೋಡಬೇಕು. ಅಂಥವರನ್ನು ನೇಮಿಸಿಕೊಳ್ಳಲು ಅನಂತಪುರದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವೂ ಕೇಂದ್ರೀಯ ವಿಶ್ವವಿದ್ಯಾಲಯವೂ ಮುಂದಿನ ಪ್ರವೇಶದವರೆಗೆ ಕಾಯಬಾರದು.