ಬೆಂಗಾಡಿನ ಮೇವು: ಸ್ಟೈಲೋ ಸಸ್ಯ

ಪಾವಗಡ ಸೀಮೆಯ ಒಕ್ಕಲಿಗನ ಕಷ್ಟಗಳಲ್ಲಿ ಮೇವಿನ ಅಭಾವವು ಮುಖ್ಯವಾದುದು. ತುಮಕೂರು ಜಿಲ್ಲೆಗೆ ಸೇರಿದ್ದರೂ ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿಯಲ್ಪಟ್ಟಿರುವ ಈ ತಾಲ್ಲೂಕಿನಲ್ಲಿ ಮಳೆಯು ಅಲ್ಪ. ಭೂಮಿಯು ಬಹುಮಟ್ಟಿಗೆ ಮರಳು ಮಿಶ್ರಿತವಾದ ಕೆಮ್ಮಣ್ಣು. ಕಡಲೆಕಾಯಿ ಕೈಕೊಟ್ಟ ವರ್ಷ ಅದರ ಬಳ್ಳಿಯೂ ಇಲ್ಲವಾಗಿ ದನಕುರಿಗಳಿಗೆ ಆಧಾರ ತಪ್ಪುವುದು. ಇಂತಹ ನೆಲಕ್ಕೆ ಒಪ್ಪುವ ಮೇವಿನ ಗಿಡಗಳಲ್ಲಿ ಸ್ಟೈಲೋ ವಿಚಾರಾರ್ಹವಾದುದು.

ಇದು ಅವರೆ, ಹುರುಳಿಗಳ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಸಸ್ಯ. ಸ್ಟೈಲೋಸಾಂಥಿಸ್ ಎಂಬ ಶಾಸ್ತ್ರೀಯ ನಾಮವು ಕಂಬ, ಹೂ ಎಂಬ ಅರ್ಥದ ಎರಡು ಗ್ರೀಕ್ ಪದಗಳಿಂದುಂಟಾಗಿದೆ. ಇದರ ಹೆಚ್ಚಿನ ಜಾತಿಗಳಿಗೆ ಅಮೆರಿಕದ ಉಷ್ಣಪ್ರದೇಶವೇ ತವರು. ಫ್ರುಟಿಕೋಸ ಎಂಬುದು ದಕ್ಷಿಣ ಭಾರತದಲ್ಲಿಯೂ ಸಹಜವಾಗಿ ಬೆಳೆಯುವುದು. ಬೇರುಗಂಟುಗಳಲ್ಲಿ ನೆಲಸಿದ ಅಣುಜೀವಿಗಳು ವಾಯುವಿನ ಸಾರಜನಕವನ್ನು ಗಿಡಕ್ಕೆ ಒದಗಿಸುವುದರಿಂದ ಬಡನೆಲದಲ್ಲಿಯೂ ಇದು ಬಾಳುವುದು. ಒಣಗಿಸಿದ ಮೇವಿನಲ್ಲಿ ನೂರಕ್ಕೆ ಸುಮಾರು 15ರಿಂದ 18 ಭಾಗ ಸಸಾರಜನಕವುಂಟು. ಹುಲ್ಲಿನೊಡನೆ ಬೆರಸಿ ಬೆಳೆದರೆ ಹುಲ್ಲುಗಾವಲಿನ ಸತ್ತ್ವವೇ ಹೆಚ್ಚುವುದು.

ಆದರೆ ಈ ಸಸ್ಯಕ್ಕೆ ಪ್ರಬಲ ಶತ್ರುವೊಂದಿದೆ. ಶಿಲೀಂಧ್ರದಿಂದ ಬರುವ ಚಿಬ್ಬುರೋಗವು 1970ರ ದಶಕದಲ್ಲಿ ಉತ್ತರ ಆಸ್ಟ್ರೇಲಿಯದಲ್ಲಿ ಹಬ್ಬಿ, ಟೌನ್ಸ್‌ವಿಲ್ ಸ್ಟೈಲೋ ಎಂಬ ಜಾತಿಯ ವಿಶಾಲವಾದ ಗೋಮಾಳಗಳನ್ನು ಹಾಳುಗೆಡವಿತು. ಅಂದಿನಿಂದ ಸಂಶೋಧಕರ ಲಕ್ಷ್ಯವು ರೋಗನಿರೋಧಕ ತಳಿಗಳ ಕಡೆಗೆ ತಿರುಗಿತು. ಭಾರತದಲ್ಲಿ 1962ರಲ್ಲಿ ಝಾನ್ಸಿಯಲ್ಲಿ ಸ್ಥಾಪಿತವಾದ ಹುಲ್ಲುಗಾವಲು ಮತ್ತು ಮೇವು ಸಂಶೋಧನ ಸಂಸ್ಥೆಯೂ ಧಾರವಾಡದಲ್ಲಿರುವ ಅದರ ಶಾಖೆಯೂ ಆಸ್ಟ್ರೇಲಿಯದ ವಿಜ್ಞಾನಿಗಳೊಡನೆ ಕೂಡಿ ಈ ಪರೀಕ್ಷೆಗಳನ್ನು ನಡೆಸಿದುವು. ಹಮಾಟ, ಸ್ಕಾಬ್ರಗಳ ಜೊತೆಗೆ ಬ್ರೆಜಿಲ್ ಮೂಲದ ಸೀಬ್ರಾನ ಜಾತಿಯೂ ಪರಿಗಣನೆಗೆ ಬಂದಿತು.

ಪಾವಗಡದ ಗಡಿಗೆ ಹೊಂದಿದ ಅನಂತಪುರ ಸೀಮೆಯ ಸಣ್ಣ ರೈತರು ಹಲವು ದಶಕಗಳ ಕಾಲ ಹಮಾಟದ ಬೀಜವನ್ನು ಬೆಳೆದು ಮಾರಿದ್ದಾರೆ. ಉದುರಿದ ಬೀಜವನ್ನು ನೆಲದಿಂದ ಗುಡಿಸಿ ಶೇಖರಿಸುವುದು ಅಲ್ಲಿಯ ಪದ್ಧತಿ. ಮೇವಿನ ಗಿಡವೂ ಹಣದ ಬೆಳೆಯಾಗಬಹುದೆಂಬುದಕ್ಕೆ ಇದೇ ನಿದರ್ಶನ.

ಬೀಜದ ಸಿಪ್ಪೆಯು ಗಡುಸಾದುದರಿಂದ 80 ಡಿಗ್ರಿ ಸೆಂಟಿಗ್ರೇಡ್ ಶಾಖದ ನೀರಿನಲ್ಲಿ ಮೂರು ನಾಲ್ಕು ನಿಮಿಷವಿಟ್ಟು, ಬಳಿಕ ರಾತ್ರಿಯೆಲ್ಲ ತಣ್ಣೀರಿನಲ್ಲಿ ನೆನಸಿ ಬಿತ್ತಬೇಕು. ಹೆಕ್ಟೇರಿಗೆ ಸಾಲುಬಿತ್ತನೆಗೆ 6, ಎರಚುಬಿತ್ತನೆಗೆ 10 ಕಿಲೋಗ್ರಾಂ ಸಾಕು. ಮೊದಲ ವರ್ಷ ಬೆಳವಣಿಗೆ ಮಂದ. ಕಳೆ ತೆಗೆಯುವುದೂ ದನಗಳನ್ನು ದೂರವಿಡುವುದೂ ಅವಶ್ಯಕ. ಮೇವಿಲ್ಲದವನು ಮೇವಿನ ಹೊಲಕ್ಕೇ ಬೇಲಿ ಹಾಕಿ ಒಂದು ವರ್ಷ ಕಾಯಬೇಕಾದುದೇ ಇಲ್ಲಿಯ ನಿಜವಾದ ತೊಡಕು. ಆದಕಾರಣ ಇಡೀ ಹೊಲವನ್ನು ಒಮ್ಮೆಗೇ ಬಿಡದೆ, ಬದುಗಳಲ್ಲಿಯೂ ಬೀಳುಭೂಮಿಯಲ್ಲಿಯೂ ಸ್ವಲ್ಪಸ್ವಲ್ಪವಾಗಿ ಬಿತ್ತುತ್ತ ಬರುವುದು ಯುಕ್ತವಾದ ಮಾರ್ಗ.